ಬಿಟ್ಟದ್ದಲ್ಲ, ಜಾರಿದ್ದು

ಮಂಗಳೂರಿನ ಟ್ರೈನಿಂಗ್ ಶಾಲೆಯಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ನಮಗೆ ಹನ್ನೊಂದು ಪುಟ ನೋಟ್ಸ್ ಬರೆಸಿದ್ದರು. ಬರೆಸಿದ ಗುರುಗಳು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, “ಆಟವೇ ಮಗುವಿನ ಭಾಷೆ, ಪೂರ್ಣವಿರಾಮ” ಎನ್ನುತ್ತಿದ್ದರು. ಆ ಹೊತ್ತಿಗೆ ಅಂಗಳದಲ್ಲಿ ಮಕ್ಕಳು ಆಡುವ ಗಲಾಟೆ ಕೇಳಿಸಿದರೆ ಕಣ್ಣು ತೆರೆದು, ಜವಾನನನ್ನು ಕಳಿಸಿ ಅವರನ್ನು ಓಡಿಸಿ, ಮತ್ತೆ ಕಣ್ಣು ಮುಚ್ಚುತ್ತಿದ್ದರು. “ಮುಂದೆ ಬರೆಯಿರಿ.” ನಾವು ಬರೆಯುತ್ತಿದ್ದೆವು. ನಗಬೇಕೆಂದು ನಮ್ಮಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಆ ವಿಷಯದಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂತು.

ಅಷ್ಟು ಅಂಕ ತೆಗೆದವಳನ್ನು ಕೊಲ್ಲಮೊಗ್ರಿನಿಂದಲೂ ಒಳಗೆ, ಕಾಡಿನ ಅಂಚಿನ ಒಂದು ಶಾಲೆಗೆ ಹಾಕಿದರು. ಜಿಲ್ಲೆ ಮದ್ರಾಸಿನ ಕೈಯಿಂದ ಮೈಸೂರಿನ ಕೈಗೆ ಬಂದು ಎರಡು ಮೂರು ವರ್ಷವಾಗಿತ್ತು. ನನಗೆ ಇಪ್ಪತ್ತು. ಪುತ್ತೂರು ಪೇಟೆಯಲ್ಲಿ ಬೆಳೆದವಳು, ಇಡೀ ಊರನ್ನೇ ತಿದ್ದಿಬಿಡುವ ಠೀವಿಯಿಂದ ಟ್ರಂಕು ಹೊರಿಸಿಕೊಂಡು ಹೋದೆ.

ಶಾಲೆಯಲ್ಲಿ ನಾವಿಬ್ಬರೇ. ಇನ್ನೊಬ್ಬರು ಹೆಡ್‌ಮಾಷ್ಟ್ರು. ಅವರ ಬಳಿ ಎರಡು ಬೆತ್ತಗಳಿದ್ದವು, ಒಂದು ಸಣ್ಣ ಮಕ್ಕಳಿಗೆ, ಒಂದು ದೊಡ್ಡವರಿಗೆ. ಈ ವಿಂಗಡಣೆಯನ್ನು ಅವರು ತಮ್ಮ ಕರುಣೆಗೆ ಸಾಕ್ಷಿಯೆಂದು ನಂಬಿದ್ದರು. “ಮಗುವಿನ ಮನಸ್ಸು ಹಸಿ ಮಣ್ಣು” ಎಂದು ದಿನಕ್ಕೊಮ್ಮೆಯಾದರೂ ಹೇಳುವರು. ಹಸಿ ಮಣ್ಣನ್ನು ಬೆತ್ತದಿಂದ ಹೊಡೆದರೆ ಅದು ಏನಾಗುತ್ತದೆ ಎಂದು ಅವರು ಯೋಚಿಸಿದ ಹಾಗೆ ಕಾಣಲಿಲ್ಲ.

ಎರಡನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಎಂಟು ವರ್ಷವಿರಬೇಕು. ಬಲಗೈ ಮಣಿಕಟ್ಟಿಗೆ ಕಪ್ಪು ನೂಲು. ಮಾತಿಲ್ಲ. ಹಾಜರಿ ಕರೆದರೂ ‘ಇದ್ದೇನೆ’ ಎನ್ನುವುದಿಲ್ಲ. ಪಕ್ಕದಲ್ಲಿ ಕೂತವರ ಸ್ಲೇಟನ್ನು ಎತ್ತಿ ನೆಲಕ್ಕೆ ಹೊಡೆದು ಒಡೆಯುವಳು, ಒಡೆದು ಸುಮ್ಮನೆ ಕೂರುವಳು. ಹೊಡೆದರೆ ಅಳುವುದೂ ಇಲ್ಲ. ಹಾಗಾಗಿ ಅವಳ ಅಕ್ಕಪಕ್ಕ ಕೂರಲು ಯಾರೂ ಒಪ್ಪುತ್ತಿರಲಿಲ್ಲ.

“ಅದು ಕೈ ಬಿಟ್ಟ ಹುಡುಗಿ,” ಎಂದರು ಹೆಡ್‌ಮಾಷ್ಟ್ರು, ಕೆಂಪು ಅಂಗಿಯ ಹುಡುಗಿ ಎಂದಷ್ಟೇ ಸಲೀಸಾಗಿ.

“ಕೈ ಬಿಟ್ಟದ್ದು ಅಂದ್ರೆ ಎಂತ ಮಾಷ್ಟ್ರೆ?”

“ತಮ್ಮನ ಕೈ ಮಾರಾಯ್ರೆ. ಹೋದ ವರ್ಷ ಆಟಿ ತಿಂಗಳ ಮಳೆಯಲ್ಲಿ. ಸಂಕ ದಾಟುವಾಗ ಇವಳು ಹುಡುಗನ ಕೈ ಬಿಟ್ಟಳು. ನಾಕು ವರ್ಷದ ಹುಡುಗ. ತೋಡಿನಲ್ಲಿ ಹೋದವ ಮರುದಿನ ಸಿಕ್ಕಿದ್ದು. ಒಬ್ಬನೇ ಗಂಡು ಹುಡುಗ ಬೇರೆ.”

ತೋಡು ಎಂದರೆ ಹಳ್ಳ, ಸಂಕ ಎಂದರೆ ಅದಕ್ಕೆ ಅಡ್ಡ ಹಾಕಿದ ಎರಡು ಅಡಿಕೆ ಮರದ ಕಾಂಡ. ಮಳೆಗಾಲದಲ್ಲಿ ಪಾಚಿ ಕಟ್ಟಿ ದೊಡ್ಡವರೇ ಚಪ್ಪಲಿ ಕೈಯಲ್ಲಿ ಹಿಡಿದು ದಾಟುವಂಥದ್ದು. ಅದರ ಮೇಲೆ ಏಳು ವರ್ಷದವಳ ಕೈಗೆ ನಾಲ್ಕು ವರ್ಷದವನನ್ನು ಕೊಟ್ಟು ಮಾವನ ಮನೆಗೆ ಕಳಿಸಿದ್ದರು. ಕಳಿಸಿದವರ ಬಗ್ಗೆ ಊರಿನಲ್ಲಿ ಯಾರೂ ಒಂದು ಮಾತು ಆಡಿದ್ದನ್ನು ನಾನು ಕೇಳಲಿಲ್ಲ.

ನನ್ನ ನೋಟ್ಸಿನ ವಿದ್ಯೆಯನ್ನು ಅವಳ ಮೇಲೆ ಪ್ರಯೋಗಿಸುವ ಉಮೇದು ನನಗೆ ಬಂತು. ಮಕ್ಕಳನ್ನೆಲ್ಲ ಅಂಗಳಕ್ಕಿಳಿಸಿ, ಕೈ ಕೈ ಹಿಡಿದು ಸುತ್ತು ನಿಲ್ಲಿಸಿ, ಹಾಡಿಸಿ ಕುಣಿಸಿದೆ. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಇಡೀ ಲೋಕದಲ್ಲಿ ಆ ಮಗುವಿಗೆ ಯಾವ ಆಟ ಆಗದೋ ಅದನ್ನೇ ಹುಡುಕಿ ತಂದಿದ್ದೇನೆ ಎಂದು ನನಗೆ ಹೊಳೆಯಲಿಲ್ಲ. ಅವಳ ಬಲಗೈ ಎಳೆದು ಪಕ್ಕದ ಸಣ್ಣವನ ಕೈಗೆ ಸೇರಿಸಲು ಹೋದೆ. ಅವಳು ನನ್ನ ತೋಳು ಕಚ್ಚಿದಳು. ನಾನು ಅವಳ ಕೆನ್ನೆಗೆ ಹೊಡೆದೆ. ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಷ್ಟ್ರು “ಈಗ ನೀವು ಟೀಚರ್ ಆದ್ರಿ” ಎಂದು ಮೆಚ್ಚಿಕೊಂಡರು. ನನಗೆ ಸ್ವಲ್ಪ ಹೆಮ್ಮೆಯೂ ಆಯಿತು. ಇದನ್ನು ಬಿಟ್ಟು ಬರೆಯಬಹುದಿತ್ತು. ಆದರೆ ಆ ಊರಿನ ದಡ್ಡರ ಪಟ್ಟಿ ಮಾಡುವಾಗ ನನ್ನನ್ನು ಹೊರಗಿಟ್ಟರೆ ಲೆಕ್ಕ ತಪ್ಪುತ್ತದೆ.

ಆ ಶನಿವಾರ ಅವಳ ಮನೆಗೆ ಹೋದೆ. ಅವರದ್ದು ಸುಳ್ಯದ ಕಡೆಯ ಅರೆಭಾಷೆ, ನನ್ನದು ಪುತ್ತೂರಿನ ಕನ್ನಡ. ಮಾತು ನಡೆಯಲು ಅಡ್ಡಿಯೇನಾಗಲಿಲ್ಲ. ಮಾತಾಡಿದ್ದೆಲ್ಲ ಅಜ್ಜಿ, ತಂದೆಯ ತಾಯಿ. ತಂದೆ ಕತ್ತಿ ಮಸೆಯುತ್ತ ಕೂತಿದ್ದರು, ತಲೆ ಎತ್ತಲಿಲ್ಲ. ತಾಯಿ ಒಳಗಿನಿಂದ ಬೆಲ್ಲ ನೀರು ತಂದಿಟ್ಟು ಹೋದರು. ಮಗಳ ಕಡೆ ಒಮ್ಮೆಯೂ ನೋಡಲಿಲ್ಲ.

“ಮಾಡದ ಮದ್ದಿಲ್ಲ ಟೀಚರೇ,” ಎಂದರು ಅಜ್ಜಿ. “ನಾಲಗೆಗೆ ಬಜೆ ತೇಯ್ದು ಹಚ್ಚಿದ್ದಾಯ್ತು. ಸುಳ್ಯದ ಡಾಕ್ಟರು ಕೆಂಪು ನೀರು ಕೊಟ್ಟರು. ಮಂತ್ರದವರು ಬಂದು ಹುಡುಗನ ಆತ್ಮ ಇವಳ ಮೇಲೆ ಉಂಟು ಅಂತ ನೂಲು ಕಟ್ಟಿದ್ರು.”

“ಬಲಗೈಗೆ ಯಾಕೆ?”

“ಬಿಟ್ಟದ್ದು ಅದೇ ಕೈಯಲ್ವಾ.”

ಹುಡುಗಿ ಬಾಗಿಲ ಸಂದಿಯಲ್ಲೇ ನಿಂತಿದ್ದಳು. ಕುರುಡಿಯೂ ಅಲ್ಲದ, ಕಿವುಡಿಯೂ ಅಲ್ಲದ ಒಂದು ಮಗುವಿನ ಎದುರು ಒಂದು ವರ್ಷದಿಂದ ಈ ಮಾತು ನಡೆಯುತ್ತಿತ್ತು. ಸುಳ್ಯದ ಡಾಕ್ಟರರ ಕೆಂಪು ನೀರಿಗೆ ಒಂದು ಗೌರವ ಕೊಡಬೇಕು, ಅದು ಏನನ್ನೂ ಹೇಳಲಿಲ್ಲ. ಉಳಿದವರೆಲ್ಲ ಹೇಳಿದರು.

ನನ್ನಿಂದ ಏನಾದರೂ ಒಳ್ಳೆಯದು ನಡೆದಿದ್ದರೆ ಅದು ನಡೆದದ್ದು ನಾನು ಬಿದ್ದದ್ದರಿಂದ. ದಸರಾ ರಜೆಗೆ ಮೊದಲು, ಶಾಲೆಯ ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿತು. ಪಾದ ಹಲಸಿನ ತೊಳೆಯ ಹಾಗೆ ಊದಿಕೊಂಡಿತು. ಮಧ್ಯಾಹ್ನ ಊಟಕ್ಕೆ ಮನೆಗೆ ನಡೆಯಲಾರದೆ ಬುತ್ತಿ ತರಿಸಿಕೊಂಡು ಶಾಲೆಯ ಜಗಲಿಯಲ್ಲೇ ಕೂರತೊಡಗಿದೆ. ಹೆಡ್‌ಮಾಷ್ಟ್ರು ಊಟಕ್ಕೆ ಹೋಗಿ ಒಂದು ನಿದ್ದೆ ಮುಗಿಸಿ ಬರುವರು. ಮಕ್ಕಳು ಗುಡ್ಡೆಗೆ ಓಡುವರು. ಹುಡುಗಿ ಮಾತ್ರ ಜಗಲಿಯ ಕೆಳಗೆ, ಮಾಡಿನಿಂದ ಇಳಿದ ಮಳೆನೀರು ಹರಿಯುವ ಚರಂಡಿಯ ಬಳಿ ಒಬ್ಬಳೇ ಇರುತ್ತಿದ್ದಳು.

ಅವಳ ಆಟ ನನಗೆ ಮೊದಲ ಸಲ ಕಂಡದ್ದು ಆಗ. ಅಡಿಕೆ ಹಾಳೆಯನ್ನು ಹರಿದು ಎರಡು ಬೊಂಬೆ ಮಾಡಿದ್ದಳು, ಒಂದು ದೊಡ್ಡದು, ಒಂದು ಸಣ್ಣದು. ಚರಂಡಿಗೆ ಅಡ್ಡ ಎರಡು ಕಡ್ಡಿ. ಎರಡನ್ನೂ ಕಡ್ಡಿಯ ಮೇಲೆ ನಡೆಸುವಳು. ನಡುವೆ ಬಂದಾಗ ಸಣ್ಣದನ್ನು ನೀರಿಗೆ ಹಾಕುವಳು. ಅದು ತೇಲಿಹೋಗಿ ಮೂಲೆಯ ಕೆಸುವಿನ ಬುಡದಲ್ಲಿ ಸಿಕ್ಕಿಕೊಳ್ಳುವುದು. ಓಡಿಹೋಗಿ ತರುವಳು. ಮತ್ತೆ ನಡೆಸುವಳು, ಮತ್ತೆ ಹಾಕುವಳು. ಆಮೇಲೆ ದೊಡ್ಡದನ್ನು ನೆಲಕ್ಕೆ ಒತ್ತಿ ಕಡ್ಡಿಯಿಂದ ಹೊಡೆಯುವಳು.

ಆಟವನ್ನು ನಿಲ್ಲಿಸಬೇಕೆಂದುಕೊಂಡೆ. ಕಾಲು ಏಳಗೊಡಲಿಲ್ಲ. ಕೂತಲ್ಲಿಂದಲೇ, ಟ್ರೈನಿಂಗ್ ಶಾಲೆಯ ಹೆಮ್ಮೆಯ ವಿದ್ಯಾರ್ಥಿನಿಯಾಗಿ, “ಎಷ್ಟು ಬೊಂಬೆ ಉಂಟು ಮಗಾ? ಎರಡರಲ್ಲಿ ಒಂದು ಹೋದ್ರೆ ಎಷ್ಟು?” ಎಂದು ಕೇಳಿದೆ. ಹೌದು, ಆ ಮಗುವಿಗೆ, ಆ ಆಟದ ನಡುವೆ, ನಾನು ವ್ಯವಕಲನ ಕಲಿಸಲು ಹೋದೆ. ಅವಳು ಬೊಂಬೆಗಳನ್ನು ಎತ್ತಿಕೊಂಡು ಶಾಲೆಯ ಹಿಂದಕ್ಕೆ ಹೋದಳು.

ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಬಂದಾಗ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಂಥ ಬುದ್ಧಿ ಬಂದಿತ್ತೆಂದಲ್ಲ, ಕಾಲು ನೋವು ಜೋರಾಗಿತ್ತು. ಅವಳು ಆಡಿದಳು, ನಾನು ನೋಡಿದೆ. ಮರುದಿನವೂ ಹಾಗೆಯೇ. ಒಂದು ವಾರದ ಮೇಲೆ ಅವಳು ಜಗಲಿ ಹತ್ತಿ ಬಂದು ನನ್ನ ಕೈಯಲ್ಲಿ ಒಂದು ಕಡ್ಡಿ ಇಟ್ಟು ಎದುರು ನಿಂತಳು. ಏನು ಮಾಡಬೇಕೋ ಗೊತ್ತಾಗಲಿಲ್ಲ. ಕಡ್ಡಿಯಿಂದ ಸೇತುವೆ ಮಾಡಲು ಹೋದೆ. ಕಿತ್ತುಕೊಂಡಳು. ಮತ್ತೆ ಕೊಟ್ಟಳು.

“ನಾನು ಎಂತ ಮಾಡ್ಬೇಕು? ನೀನೇ ಹೇಳು,” ಎಂದೆ.

ನಾನು ಆ ಶಾಲೆಗೆ ಸೇರಿದ ಮೇಲೆ ನನ್ನ ಕಿವಿಗೆ ಬಿದ್ದ ಅವಳ ಮೊದಲ ಮಾತು ಬಂತು. “ಬೈಯಿ.”

“ಯಾರಿಗೆ?”

ದೊಡ್ಡ ಬೊಂಬೆಯನ್ನು ತೋರಿಸಿದಳು. “ನೀ ಅಜ್ಜಿ.”

ನಾನು ಅಜ್ಜಿಯಾದೆ. “ಎಂತಕ್ಕೆ ಕೈ ಬಿಟ್ಟೆ?” ಎಂದು ಬೊಂಬೆಗೆ ಬೈದೆ. ಸಾಲದೆಂದು ತಲೆ ಆಡಿಸಿದಳು. ಗಟ್ಟಿಯಾಗಿ ಬೈದೆ. ಅವಳ ಮುಖ ಅರಳಿತು. ಬೊಂಬೆಯನ್ನು ನನ್ನ ಕಾಲ ಬುಡಕ್ಕೆ ತಂದು ತಲೆ ತಗ್ಗಿಸಿ ನಿಲ್ಲಿಸಿದಳು. ಆ ದಿನ ಆರು ಸಲ ಬೈಸಿದಳು. ಮರುದಿನ ಮತ್ತೆ. ಅದರ ಮರುದಿನ ಮತ್ತೆ. ನನಗೆ ಬೇಸರ ಬಂತು, ನಾಚಿಕೆಯೂ ಆಯಿತು, ಒಮ್ಮೊಮ್ಮೆ ಆಕಳಿಕೆಯೂ ಬಂತು. ಅವಳಿಗೆ ಬೇಸರವೆಂಬುದೇ ಇರಲಿಲ್ಲ.

ಇದಕ್ಕೊಂದು ಹೆಸರು ಉಂಟೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ, ಪುತ್ತೂರಿನಲ್ಲಿ ಶಿಕ್ಷಕರಿಗೆಂದು ನಡೆಸಿದ ಒಂದು ಶಿಬಿರದಲ್ಲಿ. ಇಸ್ತ್ರಿ ಮಾಡಿದ ಅಂಗಿಯ ಒಬ್ಬರು ಬಂದು, ಮನಸ್ಸಿಗೆ ಪೆಟ್ಟಾದ ಮಕ್ಕಳಿಗೆ ಆಟವೇ ಚಿಕಿತ್ಸೆ, ಬಾಯಲ್ಲಿ ಹೇಳಲಾರದ್ದನ್ನು ಅವರು ಕೈಯಲ್ಲಿ ಆಡಿ ಹೇಳುತ್ತಾರೆ, ದೊಡ್ಡವರು ದಾರಿ ತೋರಿಸಬಾರದು, ಪ್ರಶ್ನೆ ಕೇಳಬಾರದು, ಮಗು ಕರೆದಲ್ಲಿಗೆ ಹೋಗಬೇಕು ಎಂದೆಲ್ಲ ಹೇಳಿದರು. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೆ ಅದಕ್ಕೆ ಬೇರೆ ಕೋಣೆ ಬೇಕು, ಬಣ್ಣದ ಆಟಿಕೆಗಳು ಬೇಕು, ಮರಳಿನ ಪೆಟ್ಟಿಗೆ ಬೇಕು ಎಂದು ಪಟ್ಟಿ ಓದಿದರು. ನಮ್ಮ ಶಾಲೆಗೆ ಆಗ ಕಪ್ಪುಹಲಗೆಗೆ ಬಳಿಯುವ ಬಣ್ಣವೇ ಬಂದಿರಲಿಲ್ಲ. ಹಾಳೆಯ ತುಂಡು ಮತ್ತು ಚರಂಡಿ ಸಾಲದೇ ಎಂದು ಕೇಳಿದೆ. ಅವರು ನಕ್ಕು ಮುಂದಿನ ಪ್ರಶ್ನೆಗೆ ಹೋದರು.

ರಜೆ ಮುಗಿದು ಶಾಲೆ ತೆರೆದ ಮೇಲೂ ಆಟ ನಡೆಯಿತು. ಮಾಡಿನ ನೀರು ನಿಂತಿತ್ತು. ಅವಳು ಚಿಪ್ಪಿನಲ್ಲಿ ನೀರು ತಂದು ಚರಂಡಿಗೆ ಹೊಯ್ಯುತ್ತಿದ್ದಳು. ಒಂದು ದಿನ ನಾನು ಎಂದಿನಂತೆ, “ಎಂತಕ್ಕೆ ಕೈ ಬಿಟ್ಟೆ?” ಎಂದು ಬೈದೆ. ಬೊಂಬೆ ತಲೆ ತಗ್ಗಿಸಲಿಲ್ಲ. ಅದನ್ನು ನನ್ನ ಮುಖದ ಎದುರಿಗೇ ಹಿಡಿದು ಹುಡುಗಿ ಕಿರುಚಿದಳು.

“ಬುಟ್ಟದಲ್ಲ! ಕೈ ಜಾರ್ತ್!”

ಬಿಟ್ಟದ್ದಲ್ಲ, ಕೈ ಜಾರಿತು. ಒಂದು ವರ್ಷ ಮೂರು ತಿಂಗಳು ಆ ಮಾತು ಅವಳ ಗಂಟಲಲ್ಲಿ ಕೂತಿತ್ತು. ಬಿಡುವುದು ಬೇರೆ, ಜಾರುವುದು ಬೇರೆ. ಎರಡನೆಯ ತರಗತಿಯ ಮಗುವಿಗೂ ಗೊತ್ತಿರುವ ಈ ವ್ಯತ್ಯಾಸ ಇಡೀ ಊರಿಗೆ, ಅದರ ಹೆಡ್‌ಮಾಷ್ಟ್ರಿಗೆ, ಮಂತ್ರದವರಿಗೆ, ನನಗೆ, ಯಾರಿಗೂ ಬೇಕಾಗಿರಲಿಲ್ಲ.

“ಹೌದಾ?” ಎಂದೆ, ಅಜ್ಜಿಯಾಗಿಯೇ. “ನಂಗೆ ಗೊತ್ತಿರಲಿಲ್ಲ ಮಗಾ. ಹೇಗೆ ಜಾರಿದ್ದು?”

“ಕೈಲಿ ಎಣ್ಣೆ ಇತ್ತ್.”

ಮಳೆಗಾಲದಲ್ಲಿ ಆ ಕಾಡುದಾರಿಯಲ್ಲಿ ಇಂಬಳ ಹತ್ತುತ್ತದೆ, ಅದು ರಕ್ತ ಹೀರುವ ಹುಳ. ಅದು ಹತ್ತದಿರಲೆಂದು, ಹೊರಡುವ ಮಕ್ಕಳ ಕೈಕಾಲಿಗೆ ತೆಂಗಿನೆಣ್ಣೆ ಸವರಿ ಕಳಿಸುವುದು ರೂಢಿ. ಸವರಿದವರು ಯಾರೆಂದು ನಾನು ಕೇಳಲಿಲ್ಲ. ಅವಳೇ ಕಡ್ಡಿಯನ್ನು ಮತ್ತೆ ನನ್ನ ಕೈಯಲ್ಲಿಟ್ಟು, “ಅಜ್ಜಿ, ಎಣ್ಣೆ ಹಚ್ಚು” ಎಂದಳು.

ಅಂದಿನಿಂದ ಆಟ ಬೇರೆಯಾಯಿತು. ನಾನು ಸಣ್ಣ ಬೊಂಬೆಗೆ ಎಣ್ಣೆ ಹಚ್ಚುವುದು, ಎರಡೂ ಹೊರಡುವುದು, ಜಾರುವುದು, ನಾನು ಬೈಯುವುದು, ಬೊಂಬೆ ತಿರುಗಿ ಕೂಗುವುದು. ತರಗತಿಯಲ್ಲಿ ಸ್ಲೇಟು ಒಡೆಯುವುದು ಕಡಿಮೆಯಾಯಿತು. ಹಾಜರಿ ಕರೆದಾಗ ಒಂದು ದಿನ ‘ಉಟ್ಟು’ ಎಂದಳು, ‘ಇದ್ದೇನೆ’ಯ ಬದಲು. ಮಕ್ಕಳೆಲ್ಲ ನಕ್ಕರು. ಅವಳೂ ನಕ್ಕಳು.

ಹೆಡ್‌ಮಾಷ್ಟ್ರು ಒಂದು ಮಧ್ಯಾಹ್ನ ನಿದ್ದೆ ಬಾರದೆ ಬೇಗ ಬಂದರು. ನಾವು ಆಡುವುದನ್ನು ನೋಡಿ ಅವರ ಮುಖ ಕಪ್ಪಿಟ್ಟಿತು. “ಸತ್ತ ಮಗುವಿನ ಆಟವಾ ಶಾಲೆಯಲ್ಲಿ? ನಿಮಗೆ ಬುದ್ಧಿ ಉಂಟಾ ಟೀಚರೇ?” ಎಂದು ಬೊಂಬೆಗಳನ್ನು ಕಾಲಿನಿಂದ ತಳ್ಳಿದರು. ಕೆಲಸವನ್ನು ಅಲ್ಲಿಗೇ ಬಿಡದೆ ಮನೆಗೂ ಸುದ್ದಿ ಕಳಿಸಿದರು.

ಮರುದಿನ ಅಜ್ಜಿ ಬಂದರು. ಹಿಂದೆ ಸೊಸೆ, ಹುಡುಗಿಯ ತಾಯಿ.

“ನಮ್ಮ ಮಗುವಿನ ಸಾವನ್ನು ಆಟ ಮಾಡಿದ್ದೀರಂತೆ. ಇವಳು ಕೈ ಬಿಟ್ಟದ್ದು ಸಾಲದು ಅಂತ ನೀವು ಬೇರೆ ದಿನಾ ಕೊಲ್ಲುದಾ ಅವನನ್ನು?”

“ಬಿಟ್ಟದ್ದಲ್ಲ ಅಜ್ಜಿ. ಜಾರಿದ್ದು.”

“ಎರಡೂ ಒಂದೇ. ಹುಡುಗ ಹೋದ.”

“ಒಂದೇ ಅಲ್ಲ,” ಎಂದರು ಸೊಸೆ ಹಿಂದಿನಿಂದ. ಆಕೆಯ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಅತ್ತೆಯ ಎದುರು ಆಕೆ ಮಾತಾಡಿದ್ದೂ ಬಹುಶಃ ಅದೇ ಮೊದಲು. ಅಜ್ಜಿ ತಿರುಗಿ ನೋಡಿದರು. ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನನ್ನ ನಾಲಗೆಯ ತುದಿಯಲ್ಲಿ ಒಂದು ಆಯುಧವಿತ್ತು. ಅಜ್ಜಿಯ ಮೇಲೆ ತಿಂಗಳುಗಳಿಂದ ಕಟ್ಟಿಕೊಂಡಿದ್ದ ತಿರಸ್ಕಾರವಿತ್ತು. ಇಪ್ಪತ್ತು ವರ್ಷದವಳ ನ್ಯಾಯಬುದ್ಧಿ ಬೇರೆ.

“ಆ ದಿನ ಹುಡುಗನ ಕೈಗೆ ಎಣ್ಣೆ ಹಚ್ಚಿದ್ದು ಯಾರು ಅಜ್ಜಿ?” ಎಂದೆ.

ಅಜ್ಜಿ ಜಗಲಿಯ ಅಂಚನ್ನು ಕೈಯಲ್ಲಿ ತಡವಿ ಮೆಲ್ಲ ಕೂತರು. ತಮ್ಮ ಎರಡು ಅಂಗೈಗಳನ್ನೂ ನೋಡಿಕೊಂಡರು. ಅವರಿಗೆ ಅದು ಹೊಸ ಸುದ್ದಿಯಲ್ಲ ಎಂದು ಆ ನೋಟದಲ್ಲೇ ಗೊತ್ತಾಯಿತು. ಒಂದು ವರ್ಷದಿಂದ ಎಲ್ಲರಿಗಿಂತ ಗಟ್ಟಿಯಾಗಿ ‘ಕೈ ಬಿಟ್ಟಳು’ ಎನ್ನುತ್ತಿದ್ದದ್ದು ಯಾಕೆಂದೂ ಆಗ ಅರ್ಥವಾಯಿತು. ಗೆದ್ದೆ ಎಂದು ನನಗೆ ಒಂದು ಗಳಿಗೆ ಖುಷಿಯಾಯಿತು. ತಿರುಗಿ ನೋಡಿದರೆ ಹುಡುಗಿ ಬಾಗಿಲಲ್ಲಿ ನಿಂತು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು. ಕಚ್ಚಿದ ದಿನದ ಕಣ್ಣು ಅದು. ಓಡಿಬಂದು ಅಜ್ಜಿಯ ಸೆರಗು ಹಿಡಿದು ಎಳೆದು ಮನೆಗೆ ಕರೆದುಕೊಂಡು ಹೋದಳು.

ಅವಳು ನಂಬಿ ನನ್ನ ಕೈಗೆ ಕೊಟ್ಟದ್ದನ್ನು ನಾನು ಕಲ್ಲಿನಂತೆ ಬೀಸಿದ್ದೆ. ಊರು ಒಂದು ಮಗುವಿನ ಮೇಲೆ ಹೊರಿಸಿದ್ದನ್ನು ನಾನು ಒಬ್ಬ ಮುದುಕಿಯ ಮೇಲೆ ಹೊರಿಸಿದೆ. ಎರಡರ ನಡುವೆ ಹೆಚ್ಚಿನ ವ್ಯತ್ಯಾಸವಿಲ್ಲ. ಹೆಡ್‌ಮಾಷ್ಟ್ರನ್ನು ಬೈಯುವ ಹಕ್ಕು ಆ ದಿನ ಸ್ವಲ್ಪ ಕಳೆದುಕೊಂಡೆ, ಪೂರ್ತಿ ಅಲ್ಲ.

ಎಂಟು ದಿನ ಅವಳು ಶಾಲೆಗೆ ಬರಲಿಲ್ಲ. ಒಂಬತ್ತನೆಯ ದಿನ ಬಂದಳು. ಮಧ್ಯಾಹ್ನ ಜಗಲಿ ಹತ್ತಿ ಬಂದಾಗ ಕೈಯಲ್ಲಿ ಮೂರು ಬೊಂಬೆಗಳಿದ್ದವು. ಮೂರನೆಯದನ್ನು ಬೆನ್ನು ಬಾಗುವಂತೆ ಮಡಚಿದ್ದಳು. ಆ ಬಾಗಿದ ಬೊಂಬೆ ಸಣ್ಣದಕ್ಕೆ ಎಣ್ಣೆ ಹಚ್ಚಿತು. ದೊಡ್ಡದು ಸಣ್ಣದರ ಕೈ ಹಿಡಿದು ಕಡ್ಡಿ ಹತ್ತಿತು. ಕೈ ಜಾರಿತು. ಸಣ್ಣದು ನೀರಿಗೆ ಬಿತ್ತು. ದೊಡ್ಡದನ್ನು ಅವಳು ಬಾಗಿದ ಬೊಂಬೆಯ ಪಕ್ಕ ಕೂರಿಸಿದಳು.

ನಾನು ಹೆದರುತ್ತಲೇ ಕೇಳಿದೆ. “ಈಗ ಅಜ್ಜಿಗೆ ಬೈಬೇಕಾ?”

“ಬೇಡ,” ಎಂದಳು. “ಅಜ್ಜಿ ಅಳ್ತಾ ಉಟ್ಟು.”

ನನ್ನ ಹನ್ನೊಂದು ಪುಟದಲ್ಲಿ ಅಂಥದ್ದೊಂದು ವಾಕ್ಯ ಇರಲಿಲ್ಲ. ಅವಳು ಎರಡೂ ಬೊಂಬೆಗಳಿಗೆ ಅನ್ನವೆಂದು ಮಣ್ಣು ಬಡಿಸಿದಳು. ಮರುದಿನ ಆ ಆಟ ಆಡಲಿಲ್ಲ, ಅದರ ಮರುದಿನವೂ ಇಲ್ಲ. ವಾರದೊಳಗೆ ಬೇರೆ ಹುಡುಗಿಯರ ಜೊತೆ ಕುಂಟಾಟಕ್ಕೆ ಸೇರಿಕೊಂಡು, ಗೆರೆ ಮೆಟ್ಟಿದೆ, ಮೆಟ್ಟಲಿಲ್ಲ ಎಂದು ಜಗಳವಾಡಿ, ಒಬ್ಬಳ ಜಡೆ ಎಳೆದು, ನನ್ನಿಂದ ಸರಿಯಾಗಿ ಬೈಸಿಕೊಂಡಳು. ಮಣಿಕಟ್ಟಿನ ನೂಲು ಕಾಣಲಿಲ್ಲ. ಯಾರು ಬಿಚ್ಚಿದರೆಂದು ನಾನು ಕೇಳಲಿಲ್ಲ.

ಒಂದು ಆದಿತ್ಯವಾರ ನಾನು ತೋಡಿನ ಕಡೆ ಹೋಗಿದ್ದೆ. ಹುಡುಗಿಯ ತಾಯಿ ಸಂಕದ ಪಕ್ಕದಲ್ಲಿ ಗೂಟ ಹುಗಿದು ಅದಕ್ಕೆ ಉದ್ದದ ಬಿದಿರು ಕಟ್ಟುತ್ತಿದ್ದರು, ದಾಟುವವರು ಹಿಡಿದುಕೊಳ್ಳಲೆಂದು. ಇನ್ನೊಂದು ತುದಿಯನ್ನು ಮಗಳು ಎತ್ತಿ ಹಿಡಿದಿದ್ದಳು. ಸ್ವಲ್ಪ ಹೊತ್ತಿನಲ್ಲಿ ತಂದೆಯೂ ಕತ್ತಿ ಹಿಡಿದು ಬಂದು ಬಳ್ಳಿ ಬಿಗಿದರು. ಅರ್ಧ ಗಂಟೆಯ ಕೆಲಸ. ಬಿದಿರು ಗುಡ್ಡೆಯಲ್ಲಿ ಬೇಕಾದಷ್ಟಿತ್ತು. ಒಂದು ವರ್ಷ ಇಡೀ ಊರು ಕೂತು ಏಳು ವರ್ಷದ ಒಂದು ಕೈಯ ಬಗ್ಗೆ ವಿಚಾರಣೆ ನಡೆಸಿತ್ತು. ಬೇಕಾಗಿದ್ದದ್ದು ಒಂದು ಬಿದಿರು ಎಂದು ಅದರಲ್ಲಿ ಒಬ್ಬ ಗಂಡಸಿಗೂ ಹೊಳೆದಿರಲಿಲ್ಲ.

“ಅತ್ತೆ ಹೇಳಿದ್ದು, ಕಟ್ಟು ಅಂತ,” ಎಂದರು ತಾಯಿ, ನನ್ನನ್ನು ಕಂಡು.

ಫೆಬ್ರವರಿಯಲ್ಲಿ ಇನ್‌ಸ್ಪೆಕ್ಟರರು ಬಂದರು. ಹುಡುಗಿ ಎದ್ದು ನಿಂತು ಪದ್ಯ ಹೇಳಿದಳು. ಕೂರು ಎಂದರೂ ಕೂರದೆ ಇನ್ನೊಂದು ಹೇಳಿದಳು. ಹೆಡ್‌ಮಾಷ್ಟ್ರು ಮೆಲ್ಲ ಇನ್‌ಸ್ಪೆಕ್ಟರರ ಕಿವಿಗೆ ಬಾಗಿ, “ಮೂಕಿಯ ಹಾಗಿದ್ದ ಹುಡುಗಿ ಸಾರ್. ಶಿಸ್ತಿನಿಂದ ಸರಿ ಮಾಡಿದ್ದು” ಎಂದರು. ಅವರು ಸುಳ್ಳು ಹೇಳಲಿಲ್ಲ, ನಿಜವಾಗಿಯೂ ಹಾಗೆಯೇ ನಂಬಿದ್ದರು. ಮಂತ್ರದವರೂ ತಮ್ಮ ನೂಲಿನಿಂದಲೇ ಆದದ್ದೆಂದು ನಂಬಿ ಒಂದು ಗೊನೆ ಬಾಳೆಹಣ್ಣು ಪಡೆದುಕೊಂಡು ಹೋದರೆಂದು ಆಮೇಲೆ ತಿಳಿಯಿತು.

ವರದಿಯಲ್ಲಿ ಹೆಡ್‌ಮಾಷ್ಟ್ರಿಗೆ ಎರಡು ಸಾಲು ಹೊಗಳಿಕೆ ಇತ್ತು. ನನ್ನ ಬಗ್ಗೆ ‘ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳಿಗೆ ಉಪಯುಕ್ತ ಚಟುವಟಿಕೆ ಕೊಡುವುದಿಲ್ಲ’ ಎಂದಿತ್ತು. ಓದಿದ್ದೇನೆಂದು ಕೆಳಗೆ ನಾನು ಸಹಿ ಹಾಕಬೇಕಿತ್ತು, ಹಾಕಿದೆ. ಜೂನಿನಲ್ಲಿ ನನ್ನನ್ನು ಪುತ್ತೂರಿನ ಹತ್ತಿರದ ಸವಣೂರಿನ ಕಡೆಗೆ ವರ್ಗ ಮಾಡಿದರು. ಹುಡುಗಿ ಐದನೆಯ ತರಗತಿಯವರೆಗೆ ಅಲ್ಲೇ ಓದಿದಳು. ಆ ಮೇಲೆ ಅವಳಿಗೊಬ್ಬ ತಮ್ಮ ಹುಟ್ಟಿದನೆಂದೂ, ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗುತ್ತಾಳೆಂದೂ ಸುಬ್ರಹ್ಮಣ್ಯದ ಬಸ್ಸಿನಲ್ಲಿ ಸಿಕ್ಕ ಅವಳ ತಾಯಿ ನನಗೆ ಹೇಳಿದರು. ಬಸ್ಸು ಹೊರಡುವವರೆಗೂ ಆಕೆ ಮಗಳ ಬಗ್ಗೆಯೇ ಮಾತಾಡುತ್ತಿದ್ದರು.